ಗುಪ್ತಚರ ದಳಕ್ಕೊಂದು ಕಾನೂನು ಬೇಕು: ಗೋಣಿಬೀಡಿನಿಂದ ನಮ್ಮ ಸಂಸದರಿಗೆ ಬಹಿರಂಗ ಪತ್ರ

ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಲೋಕಸಭಾ ಸದಸ್ಯರಿಗೆ, ಮೂಡಿಗೆರೆ ತಾಲ್ಲೂಕು ಗೋಣಿಬೀಡಿನ ಮತದಾರನೊಬ್ಬನ ಪತ್ರ.

ಮಾನ್ಯರೇ,

ಈ ಕಾಗದದಲ್ಲಿ ರಸ್ತೆ ಗುಂಡಿಯ ಮಾತಿಲ್ಲ, ಆನೆ ಹಾವಳಿಯ ಮಾತಿಲ್ಲ, ಮಳೆಗೆ ಉದುರಿದ ಕಾಫಿಯ ಪರಿಹಾರದ ಮಾತೂ ಇಲ್ಲ. ಅವನ್ನೆಲ್ಲ ನಮ್ಮ ಕಡೆಯವರು ನಿಮಗೆ ಬರೆಯುತ್ತಲೇ ಇರುತ್ತಾರೆ. ನಾನು ಕೇಳುವುದು ಒಂದೇ. ಜನ ಐಬಿ ಎಂದು ಕರೆಯುವ ಕೇಂದ್ರ ಗುಪ್ತಚರ ದಳಕ್ಕೆ, ಹೊರದೇಶದ ಗುಪ್ತಚರ್ಯೆ ನೋಡಿಕೊಳ್ಳುವ 'ರಾ' ಸಂಸ್ಥೆಗೆ, ಸಂಸತ್ತು ಒಂದು ಕಾನೂನು ಮಾಡಿಕೊಡಬೇಕು. ಅವುಗಳ ಕೆಲಸವೇನು, ಮಿತಿಯೇನು, ತಪ್ಪಿದರೆ ಯಾರಿಗೆ ಉತ್ತರ ಹೇಳಬೇಕು ಎಂಬುದು ಆ ಕಾನೂನಿನಲ್ಲಿ ಇರಬೇಕು. ದೆಹಲಿಯ ಈ ಸಂಗತಿ ಒಂದು ಹೋಬಳಿ ಊರಿನವನಿಗೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ನಮ್ಮೂರಿನ ಠಾಣೆಯಿಂದಲೇ ಶುರುಮಾಡುತ್ತೇನೆ.

2021ರ ಮೇ 10ರಂದು ಗೋಣಿಬೀಡು ಪೊಲೀಸ್ ಠಾಣೆಗೆ ನಮ್ಮ ಕಡೆಯ ದಲಿತ ಯುವಕನೊಬ್ಬನನ್ನು ಹಿಡಿದು ತಂದರು. ಒಬ್ಬ ಹೆಣ್ಣುಮಗಳ ಜೊತೆ ಫೋನಿನಲ್ಲಿ ಮಾತಾಡಿದ್ದಾನೆ ಎಂಬುದು ಅವನ ಮೇಲಿದ್ದ ಗುಮಾನಿ. ಠಾಣೆಯಲ್ಲಿ ತನ್ನನ್ನು ಕಟ್ಟಿ ಹೊಡೆದರು, ನೀರು ಕೇಳಿದರೆ ಇನ್ನೊಬ್ಬನಿಂದ ಬಾಯಿಗೆ ಮೂತ್ರ ಮಾಡಿಸಿದರು ಎಂದು ಆತ ಗೃಹ ಸಚಿವರಿಗೂ ಡಿಜಿಪಿಯವರಿಗೂ ಪತ್ರ ಬರೆದ. ಆ ಪತ್ರದಿಂದ ಎಫ್‌ಐಆರ್ ಆಯಿತು. ಸಬ್‌ ಇನ್‌ಸ್ಪೆಕ್ಟರ್ ಅಮಾನತಾದರು. ತನಿಖೆ ಸಿಐಡಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಅವರ ಬಂಧನವೂ ಆಯಿತು. ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಾನು ಹೇಳಹೊರಟಿರುವುದು ಇಷ್ಟೇ: ಕೂಲಿನಾಲಿ ಮಾಡುವವರ ಮನೆಯ ಹುಡುಗ ಬರೆದ ಒಂದು ಪತ್ರಕ್ಕೂ ಇಲ್ಲಿ ಬಲ ಬಂತು. ಯಾಕೆಂದರೆ ಠಾಣೆಯ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ, ಆಗ (2024ರವರೆಗೆ) ದಂಡ ಪ್ರಕ್ರಿಯಾ ಸಂಹಿತೆ ಇತ್ತು, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಕಟ್ಟಳೆ ಇದೆ. ಇವನ್ನೆಲ್ಲ ಮುರಿಯುವವರು ಇದ್ದಾರೆ, ನಿಜ. ಆದರೆ ಮುರಿದದ್ದಕ್ಕೆ ಅಪರಾಧವೆಂಬ ಹೆಸರಿದೆ, ದೂರು ಕೊಡಲು ಬಾಗಿಲಿದೆ.

ಐಬಿಗೆ ಇದ್ಯಾವುದೂ ಇಲ್ಲ. ನಮ್ಮ ಹೋಬಳಿ ಠಾಣೆಯ ಮೇಲಿರುವಷ್ಟು ಕಾನೂನು ದೇಶದ ಅತಿ ದೊಡ್ಡ ಗುಪ್ತಚರ ಸಂಸ್ಥೆಯ ಮೇಲಿಲ್ಲ. ಈ ಮಾತನ್ನು ನ್ಯಾಯಾಲಯದ ಮುಂದೆ ಇಟ್ಟವರು ನಮ್ಮ ಕರ್ನಾಟಕದವರೇ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಎನ್. ಕುಲಕರ್ಣಿ ಐಬಿಯಲ್ಲೇ ದಶಕಗಳ ಕಾಲ ದುಡಿದು ನಿವೃತ್ತರಾದವರು. 2012ರಲ್ಲಿ ಅವರು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ, ತಾವು ಆಯುಷ್ಯವಿಡೀ ದುಡಿದ ಸಂಸ್ಥೆ ಯಾವ ಕಾಯ್ದೆಯ ಮೇಲೆ ನಿಂತಿದೆ ಎಂದು ಕೇಳಿದರು. ಸಂಸ್ಥೆಯನ್ನು ಮುಚ್ಚಿಸಬೇಕೆಂಬ ಹಟ ಅವರದ್ದಾಗಿರಲಿಲ್ಲ, ಅದನ್ನು ಕಾನೂನಿನ ಚೌಕಟ್ಟಿಗೆ ತರಬೇಕೆಂಬ ಹಂಬಲ. 2022ರ ನವೆಂಬರ್ 4ರ ಸಂಜೆ ಮಾನಸಗಂಗೋತ್ರಿಯ ಆವರಣದಲ್ಲಿ ನಡೆದು ಹೋಗುತ್ತಿದ್ದಾಗ ಅವರ ಮೇಲೆ ಕಾರು ಹರಿಸಿ ಕೊಲ್ಲಲಾಯಿತು. ಮನೆ ಕಟ್ಟುವ ವಿಚಾರದಲ್ಲಿ ನೆರೆಯವರೊಂದಿಗಿದ್ದ ವ್ಯಾಜ್ಯವೇ ಕಾರಣ ಎಂದು ಪೊಲೀಸರು ಹೇಳಿದರು. ಆಗ ಅವರಿಗೆ 80 ದಾಟಿತ್ತು. ಅವರು ಹೋದರು, ಅವರ ಪ್ರಶ್ನೆ ಉಳಿದಿದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ, ಕೇಂದ್ರ ಪಟ್ಟಿಯ 8ನೇ ನಮೂದಿನಲ್ಲಿ ಕೇಂದ್ರ ಗುಪ್ತಚರ ಮತ್ತು ತನಿಖಾ ದಳದ ಉಲ್ಲೇಖವಿದೆ, ಅಷ್ಟು ಸಾಕಲ್ಲ ಎಂಬ ವಾದವೊಂದಿದೆ. ಆದರೆ ಆ ಪಟ್ಟಿ ಇರುವುದು ಯಾವ ವಿಷಯದ ಮೇಲೆ ಕಾನೂನು ಮಾಡುವ ಅಧಿಕಾರ ಯಾರಿಗೆ ಎಂದು ಹೇಳುವುದಕ್ಕೆ. ಅದರಲ್ಲಿ ಹೆಸರಿದ್ದರೆ ಸಂಸತ್ತು ಕಾನೂನು ಮಾಡಬಹುದು ಎಂದು ಅರ್ಥವೇ ಹೊರತು ಮಾಡಿಯಾಗಿದೆ ಎಂದಲ್ಲ. 1950ರಿಂದ ಆ ಅಧಿಕಾರ ನಿಮ್ಮ ಸದನದ ಕೈಯಲ್ಲೇ ಇದೆ. ಈ ಸಂಸ್ಥೆಗಳ ಬಗ್ಗೆ ಸಂಸತ್ತು 1985ರಲ್ಲಿ ಒಂದು ಕಾಯ್ದೆ ಮಾಡಿದ್ದೂ ಉಂಟು. ಅದು ನೌಕರರು ಸಂಘ ಕಟ್ಟಬಾರದು, ಪತ್ರಿಕೆಗಳೊಂದಿಗೆ ಮಾತಾಡಬಾರದು ಎಂದು ಅವರ ಹಕ್ಕುಗಳನ್ನು ಕಡಿತ ಮಾಡಿದ ಕಾಯ್ದೆ. ಸಂಸ್ಥೆಯ ಅಧಿಕಾರಕ್ಕೆ ಮಿತಿ ಹಾಕುವ ಒಂದು ಸಾಲೂ ಅದರಲ್ಲಿಲ್ಲ.

ಇದರ ಬೇರು ಎಲ್ಲಿದೆ ನೋಡಿ. ಐಬಿ ತನ್ನ ಹುಟ್ಟನ್ನು ಗುರುತಿಸಿಕೊಳ್ಳುವುದು 1887ರ ಡಿಸೆಂಬರ್ 23ಕ್ಕೆ. ಕಾಂಗ್ರೆಸ್ ಹುಟ್ಟಿ ಆಗ ಎರಡು ವರ್ಷ. ಠಕ್ಕರನ್ನೂ ಡಕಾಯಿತರನ್ನೂ ಹಿಡಿಯಲೆಂದು ಇದ್ದ ಇಲಾಖೆಯ ಮಗ್ಗುಲಲ್ಲಿ ಬ್ರಿಟಿಷ್ ಸರ್ಕಾರ ಒಂದು ಆಡಳಿತಾತ್ಮಕ ಆದೇಶದಿಂದ ವಿಶೇಷ ಶಾಖೆ ತೆರೆಯಿತು. ಸಭೆಗಳಲ್ಲಿ ಯಾರು ಏನು ಮಾತಾಡಿದರು, ಯಾವ ಪತ್ರಿಕೆ ಏನು ಬರೆಯಿತು, ಯಾವ ಊರಿನಲ್ಲಿ ಅಸಮಾಧಾನ ಹೊಗೆಯಾಡುತ್ತಿದೆ ಎಂದು ಆಳುವವರಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಪರಕೀಯ ಸರ್ಕಾರಕ್ಕೆ ತಾನು ಆಳುವ ಜನರೇ ಅಪಾಯವಾಗಿ ಕಂಡದ್ದು ಸಹಜ. ಆದರೆ 1947ರಲ್ಲಿ ಬಾವುಟ ಬದಲಾದರೂ ಆ ಆದೇಶದ ಜಾಗಕ್ಕೆ ಕಾಯ್ದೆ ಬರಲಿಲ್ಲ.  ನೇತಾಜಿ ಸುಭಾಷ್‌ಚಂದ್ರ ಬೋಸರ ಅಣ್ಣನ ಮಕ್ಕಳ ಮೇಲೆ 1948ರಿಂದ 1968ರವರೆಗೆ ಐಬಿ ಕಣ್ಣಿಟ್ಟಿತ್ತು, ಅವರ ಕಾಗದಗಳನ್ನು ಒಡೆದು ಓದುತ್ತಿತ್ತು ಎಂದು ದೇಶಕ್ಕೆ ತಿಳಿದದ್ದು 2015ರಲ್ಲಿ, ಗೌಪ್ಯ ಕಡತಗಳು ಹೊರಬಂದ ಮೇಲೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ಮನೆಯ ಕಾಗದಗಳನ್ನು ಸ್ವತಂತ್ರ ಭಾರತ 20 ವರ್ಷ ಕದ್ದು ಓದಿತು. ನಿಲ್ಲಿಸಿ ಎನ್ನಲು ಒಂದು ಸಮಿತಿಯಾಗಲಿ ಒಬ್ಬ ನ್ಯಾಯಾಧೀಶರಾಗಲಿ ಇರಲಿಲ್ಲ. 1962 ಮತ್ತು 1965ರ ಯುದ್ಧಗಳ ಪಾಠದಿಂದ 1968ರ ಸೆಪ್ಟೆಂಬರ್ 21ರಂದು ಆರ್.ಎನ್. ಕಾವ್ ಅವರ ನೇತೃತ್ವದಲ್ಲಿ 'ರಾ' ಹುಟ್ಟಿತು. ಅದಕ್ಕೂ ಕಾಯ್ದೆಯಿಲ್ಲ.

ಕಾನೂನಿಲ್ಲದ ಅಧಿಕಾರ ಏನು ಮಾಡಬಲ್ಲದು ಎಂದು ಕರ್ನಾಟಕ ತುರ್ತುಪರಿಸ್ಥಿತಿಯಲ್ಲಿ ಉಂಡು ನೋಡಿದೆ. ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಎಂದು ತಿಳಿಯಲು 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದರು, ನಡೆಯಲಾರದಷ್ಟು ಹಿಂಸಿಸಿದರು. ಮರುದಿನವೇ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ಆಸ್ತಮಾ ಇದ್ದ ಆಕೆಯನ್ನು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು ಜನವರಿ 20ರಂದು ತೀರಿಕೊಂಡರು. ಮಾಹಿತಿ ಹೆಕ್ಕುವ ಹಸಿವಿಗೆ ಕಡಿವಾಣ ಇಲ್ಲದಿದ್ದರೆ ಅದು ಮೊದಲು ತಿನ್ನುವುದು ಮನುಷ್ಯರನ್ನು.

1977ರ ಚುನಾವಣೆಯ ನಂತರ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು ಶಾ ಆಯೋಗ ಕುಳಿತಿತು. ಐಬಿ ಮತ್ತು ಸಿಬಿಐಗಳ ದುರ್ಬಳಕೆ ತಡೆಯುವುದು ಹೇಗೆಂದು ನೋಡಲು ಎಲ್.ಪಿ. ಸಿಂಗ್ ಅವರ ಸಮಿತಿಯೂ ನೇಮಕವಾಯಿತು. ಇಲ್ಲಿಂದ ಮುಂದಿನದು ನಿಮ್ಮ ಕ್ಷೇತ್ರದ ಚರಿತ್ರೆ. ನಮ್ಮ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರಾದ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನ ತೆರವು ಮಾಡಿಕೊಟ್ಟರು. 1978ರ ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಮತಗಳಲ್ಲಿ ತೋಟದ ಲೈನ್‌ ಮನೆಗಳ ಕೂಲಿಯವರ ಮತವಿತ್ತು, ಭೂಸುಧಾರಣೆಯಿಂದ ತುಂಡು ನೆಲ ಕಂಡವರ ಮತವಿತ್ತು. ಅವರು ಮತ ಹಾಕಿದ್ದಕ್ಕೆ ಅವರದೇ ಕಾರಣಗಳಿದ್ದವು, ಅದನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಡಿಸೆಂಬರ್ 19ರಂದು ಏನಾಯಿತು ಎಂಬುದನ್ನು ಆ ಸ್ಥಾನದ ವಾರಸುದಾರರಾದ ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಚಿಕ್ಕಮಗಳೂರಿನ ಸಂಸದೆಯನ್ನು ಲೋಕಸಭೆ ಉಚ್ಚಾಟಿಸಿತು, ಅಧಿವೇಶನ ಮುಗಿಯುವವರೆಗೆ ಸೆರೆಗೆ ಕಳಿಸಿತು. ಸದನ ಹೊರಿಸಿದ ತಪ್ಪು ಇದು: ಮಾರುತಿ ಕಂಪನಿಯ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಸೇರಿಸುತ್ತಿದ್ದ ಅಧಿಕಾರಿಗಳ ಮೇಲೆ, ಅವರು ಪ್ರಧಾನಿಯಾಗಿದ್ದಾಗ ಕೇಸು ಹಾಕಿಸಿ ಕಾಟ ಕೊಡಲಾಗಿತ್ತು. ಆಗಿನ ಸಿಬಿಐ ನಿರ್ದೇಶಕರಾಗಿದ್ದ ಡಿ. ಸೇನ್ ಅವರಿಗೂ ಅದೇ ಸೆರೆವಾಸದ ಶಿಕ್ಷೆಯಾಯಿತು. ಉಚ್ಚಾಟನೆಯ ಶಿಕ್ಷೆ ಅತಿಯಾಯಿತೆಂದು ಹೇಳಿದವರಿದ್ದರು, 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಮಾಡಿತು. ಶಿಕ್ಷೆಯ ಸರಿತಪ್ಪು ಹೇಗೂ ಇರಲಿ. ಆ ದಿನ ಸದನ ಒಬ್ಬ ವ್ಯಕ್ತಿಯನ್ನು ಶಿಕ್ಷಿಸಿತು, ಮತ್ತೆ ಹಾಗಾಗದಂತೆ ಕಾಯ್ದೆ ಮಾಡಲಿಲ್ಲ. 1980ರಲ್ಲಿ ಸರ್ಕಾರ ಬದಲಾಯಿತು, ಎಲ್.ಪಿ. ಸಿಂಗ್ ವರದಿ ಮೂಲೆ ಸೇರಿತು. ವ್ಯಕ್ತಿ ಹೋದರೂ ವ್ಯವಸ್ಥೆ ಹಾಗೆಯೇ ಉಳಿಯಿತು.

ಉಳಿದದ್ದಕ್ಕೆ ಸಾಕ್ಷಿ ಬೇಕೆ? ತುರ್ತುಪರಿಸ್ಥಿತಿಯ ವಿರುದ್ಧ ನಿಂತು ಬೆಳೆದ ರಾಮಕೃಷ್ಣ ಹೆಗಡೆಯವರೇ 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ಮುಖ್ಯಮಂತ್ರಿ ಪದವಿ ಬಿಟ್ಟರು. 1991ರ ಮಾರ್ಚ್‌ನಲ್ಲಿ ರಾಜೀವ್ ಗಾಂಧಿಯವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದ ಪ್ರಕರಣದಲ್ಲಿ ಚಂದ್ರಶೇಖರ್ ಅವರ ಸರ್ಕಾರವೇ ಬಿತ್ತು. 2019ರಲ್ಲಿ ಮತ್ತೆ ಕರ್ನಾಟಕದಲ್ಲಿ ಕದ್ದಾಲಿಕೆಯ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಕುತಂತ್ರಾಂಶದ ಗೂಢಚರ್ಯೆಗೆ ಗುರಿಯಾಗಿರಬಹುದಾದ ಸಂಖ್ಯೆಗಳೆಂದು ಪತ್ರಿಕೆಗಳು ಪ್ರಕಟಿಸಿದ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ಸಂಖ್ಯೆ ಇತ್ತು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತೆಂದು ಅರ್ಥವಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರು, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ, 29 ಫೋನುಗಳನ್ನು ಪರೀಕ್ಷಿಸಿದರು. ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಮುಖ್ಯ ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲೇ ಹೇಳಿದರು. ನೋಡಿ, ಇದರಲ್ಲಿ ಯಾವ ಪಕ್ಷವೂ ಹೊರತಲ್ಲ. ಇಂದು ಕೇಳಿಸಿಕೊಳ್ಳುವವರು ನಾಳೆ ಕದ್ದಾಲಿಕೆಗೆ ಗುರಿಯಾಗುತ್ತಾರೆ. ಹಾಗಾಗಿ ಈ ಕಾನೂನು ಎಲ್ಲ ಪಕ್ಷಗಳ ಸ್ವಂತ ರಕ್ಷಣೆಗೂ ಬೇಕು.

ರಾಜಕಾರಣಿಗಳಾದರೂ ಕೂಗಿ ಹೇಳಬಲ್ಲರು. ಸಾಮಾನ್ಯನ ಗತಿ ಏನು? ಐಬಿಗೆ ಬಂಧಿಸುವ ಅಧಿಕಾರವಿಲ್ಲ, ಅದು ವರದಿ ಮಾತ್ರ ಕೊಡುತ್ತದೆ ಎನ್ನುತ್ತಾರೆ. ಆ ವರದಿ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಬೇಕಾದರೆ 1994ರ ಇಸ್ರೋ ಬೇಹುಗಾರಿಕೆ ಪ್ರಕರಣ ನೋಡಿ. ಕೇರಳ ಪೊಲೀಸರೂ ಐಬಿಯ ಅಧಿಕಾರಿಗಳೂ ಸೇರಿ ವಿಚಾರಿಸಿದ ಆ ಪ್ರಕರಣದಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಜೊತೆ ಆರೋಪ ಹೊತ್ತವರಲ್ಲಿ ಬೆಂಗಳೂರಿನ ಇಬ್ಬರಿದ್ದರು: ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಪ್ರತಿನಿಧಿ ಕೆ. ಚಂದ್ರಶೇಖರ್ ಮತ್ತು ಗುತ್ತಿಗೆದಾರ ಎಸ್.ಕೆ. ಶರ್ಮಾ. 1996ರಲ್ಲೇ ಸಿಬಿಐ ಇಡೀ ಕೇಸು ಸುಳ್ಳೆಂದು ವರದಿ ಕೊಟ್ಟಿತು. ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 14ರಂದು, 24 ವರ್ಷಗಳ ನಂತರ. ಆ ಹೊತ್ತಿಗೆ ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದರು. ತೀರ್ಪಿನ ಸುದ್ದಿ ಕಿವಿಗೆ ಬೀಳುವ ಮೊದಲೇ, ಎರಡು ದಿನಗಳಲ್ಲಿ, ತೀರಿಕೊಂಡರು. ಶರ್ಮಾ ಅದೇ ವರ್ಷದ ನವೆಂಬರ್‌ನಲ್ಲಿ ಹೋದರು. ಐಬಿ ತಪ್ಪು ಮಾಡಿದೆ ಎಂದು ಇವರು ಮೊದಲ ದಿನವೇ ದೂರು ಕೊಡಬಹುದಾದ ಒಂದು ಕಚೇರಿ ದೇಶದಲ್ಲಿ ಇದ್ದಿದ್ದರೆ 24 ವರ್ಷ ಹಿಡಿಯುತ್ತಿರಲಿಲ್ಲ.

ಮಾನ್ಯರೇ, ಗುಪ್ತಚರ ಸಂಸ್ಥೆಗಳೇ ಬೇಡ ಎನ್ನುವ ಮಾತು ನನ್ನದಲ್ಲ. ನಮ್ಮ ಘಟ್ಟದ ಸೀಮೆಯಲ್ಲಿ ಬದುಕಿದವರು ಹಾಗೆ ಹೇಳಲಾರರು. 2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ನಮ್ಮ ಜಿಲ್ಲೆಯ ಬಳ್ಳಿಗೆಯಲ್ಲಿ ಗುಂಡಿಗೆ ಬಲಿಯಾದಾಗಿನಿಂದ, 2025ರ ಜನವರಿ 8ರಂದು ಮುಂಡಗಾರು ಲತಾ ಮತ್ತು ಐವರು ಸಂಗಾತಿಗಳು ಮುಖ್ಯಮಂತ್ರಿಗಳ ಎದುರು ಶಸ್ತ್ರ ತ್ಯಜಿಸಿ ಬರುವವರೆಗೆ, 20 ವರ್ಷ ಈ ಗುಡ್ಡಗಳು ಮಾಹಿತಿಯ ಯುದ್ಧ ಕಂಡಿವೆ. ಕಾಡಂಚಿನ ಒಂಟಿ ಮನೆಗಳಿಗೆ ರಾತ್ರಿ ಬಂದೂಕು ಹಿಡಿದವರು ಬಂದು ಅನ್ನ ಕೇಳುತ್ತಿದ್ದರು, ಬೆಳಗಾದರೆ ನಕ್ಸಲ್ ನಿಗ್ರಹ ಪಡೆ ಎಎನ್‌ಎಫ್‌ನವರು ಬಂದು ಯಾರಿಗೆ ಅನ್ನ ಹಾಕಿದೆ ಎಂದು ಕೇಳುತ್ತಿದ್ದರು. ಮಾಹಿತಿದಾರ ಎಂಬ ಗುಮಾನಿಯ ಮೇಲೆ ನಕ್ಸಲರು ಬಡವರನ್ನು ಕೊಂದರು. ನಕ್ಸಲರಿಗೆ ನೆರವಾದರೆಂಬ ಗುಮಾನಿಯ ಮೇಲೆ ಪೊಲೀಸರು ಬಡವರನ್ನೇ ಠಾಣೆಗೆ ಎಳೆದರು. ಕೊನೆಗೆ ಲತಾ ಅವರ ಗುಂಪು ಕಾಡಿನಿಂದ ಹೊರಬಂದದ್ದು ಶರಣಾಗತಿ ಸಮಿತಿಯೂ ಶಾಂತಿಗಾಗಿ ನಾಗರಿಕ ವೇದಿಕೆಯೂ ಮಾತುಕತೆ ನಡೆಸಿದ ಮೇಲೆ. ಸರಿಯಾದ ಮಾಹಿತಿ ಜೀವ ಉಳಿಸುತ್ತದೆ, ಜನ ನಂಬಿದರೆ ಮಾತ್ರ ಸರಿಯಾದ ಮಾಹಿತಿ ಸಿಗುತ್ತದೆ. ತನಗೆ ತೊಂದರೆಯಾದರೆ ಕಾನೂನು ಕಾಯುತ್ತದೆ ಎಂಬ ಧೈರ್ಯವಿದ್ದವನು ಹೆದರದೆ ನಿಜ ಹೇಳುತ್ತಾನೆ. ಆ ಧೈರ್ಯವಿಲ್ಲದವನು ಕೇಳುವವರಿಗೆ ಬೇಕಾದದ್ದನ್ನು ಹೇಳಿ ಕೈ ತೊಳೆದುಕೊಳ್ಳುತ್ತಾನೆ.

ಕಾನೂನು ತಂದರೆ ಗುಟ್ಟು ರಟ್ಟಾಗುತ್ತದೆ, ಸಂಸ್ಥೆ ದುರ್ಬಲವಾಗುತ್ತದೆ ಎನ್ನುವವರಿಗೆ ಹೊರದೇಶಗಳ ಅನುಭವ ಉತ್ತರ ಕೊಟ್ಟಿದೆ. ಅಮೆರಿಕದಲ್ಲಿ 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಸಿಐಎ ಮತ್ತು ಎಫ್‌ಬಿಐಗಳ ಅಕ್ರಮಗಳನ್ನು ಬಯಲಿಗೆಳೆಯಿತು. ಅದರ ಫಲವಾಗಿ ಅಲ್ಲಿನ ಸಂಸತ್ತಿನ ಎರಡೂ ಸದನಗಳಲ್ಲಿ ಕಾಯಂ ಸಮಿತಿಗಳು ಬಂದವು, 1978ರಲ್ಲಿ ಗೂಢ ಕಣ್ಗಾವಲಿಗೆ ನ್ಯಾಯಾಧೀಶರ ಅನುಮತಿ ಬೇಕೆಂಬ ಕಾಯ್ದೆ ಬಂತು. ನಮಗೆ ಈ ಪದ್ಧತಿ ಕಲಿಸಿಹೋದ ಬ್ರಿಟನ್ನೇ 1909ರಲ್ಲಿ ಹುಟ್ಟಿದ ತನ್ನ ಎಂಐ5ಗೆ 1989ರಲ್ಲಿ ಕಾಯ್ದೆ ಮಾಡಿತು. 1994ರಲ್ಲಿ ಎಂಐ6ಗೂ ಕಾಯ್ದೆ ತಂದು, ಸಂಸದರ ಸಮಿತಿಯೊಂದನ್ನು ಮೇಲೆ ಕೂರಿಸಿತು. ಆ ದೇಶಗಳಲ್ಲಿ ಆಮೇಲೂ ತಪ್ಪುಗಳಾಗಿವೆ. ಆದರೆ ತಪ್ಪನ್ನು ತಪ್ಪೆಂದು ಹಿಡಿಯಲು ಅಳತೆಗೋಲು ಅವರ ಕೈಯಲ್ಲಿದೆ.

ನಮ್ಮ ಕೈಗೂ ಒಂದು ಅಳತೆಗೋಲು ಸಿಕ್ಕಿದೆ, ಅದನ್ನು ದೊರಕಿಸಿದವರು ಕನ್ನಡ ನಾಡಿನವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಸರ್ಕಾರ ಆ ಹಕ್ಕಿನಲ್ಲಿ ಕೈಯಾಡಿಸಬೇಕಾದರೆ ಮೊದಲು ಅದಕ್ಕೊಂದು ಕಾನೂನಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂದಿತು. ಮೊದಲ ಮೆಟ್ಟಿಲಲ್ಲೇ ಐಬಿ ಎಡವುತ್ತದೆ.

ಆದ್ದರಿಂದ ಆ ಕಾನೂನಿನಲ್ಲಿ ಇಷ್ಟಾದರೂ ಇರಲಿ. ಸಂಸ್ಥೆಯ ಕೆಲಸವನ್ನು ಬರಹದಲ್ಲಿ ಹೇಳಲಿ, ಪಕ್ಷ ರಾಜಕೀಯಕ್ಕೆ ಅದನ್ನು ಬಳಸುವುದು ಅಪರಾಧವಾಗಲಿ. ವಿರೋಧ ಪಕ್ಷದವರೂ ಇರುವ ಸಂಸದೀಯ ಸಮಿತಿ ಅದರ ಲೆಕ್ಕವನ್ನೂ ನಡೆಯನ್ನೂ ಮುಚ್ಚಿದ ಬಾಗಿಲ ಹಿಂದೆಯಾದರೂ ಪರಿಶೀಲಿಸಲಿ. ಫೋನ್ ಕದ್ದಾಲಿಸಲು ಇಂದು ಗೃಹ ಕಾರ್ಯದರ್ಶಿಯ ಸಹಿ ಸಾಕು, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳೇ. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಕಟ್ಟಳೆ ಅಲ್ಲಿಗೇ ನಿಂತಿದೆ. ಆ ಅನುಮತಿ ನ್ಯಾಯಾಧೀಶರ ಕೈಗೆ ಹೋಗಲಿ. ಅನ್ಯಾಯವಾದವನು ದೂರು ಕೊಡಲು ಸ್ವತಂತ್ರ ನ್ಯಾಯಮಂಡಳಿ ಇರಲಿ. ಹಳೆಯ ಕಡತಗಳು ಗೊತ್ತಾದ ಅವಧಿಯ ನಂತರ ತೆರೆಯಲಿ. ಕಾನೂನುಬಾಹಿರ ಆದೇಶವನ್ನು ಒಲ್ಲೆನೆನ್ನುವ ನೌಕರನಿಗೆ ರಕ್ಷಣೆ ಸಿಗಲಿ. ನಿವೃತ್ತರಾದವರು ತಮ್ಮ ಸಂಸ್ಥೆಯ ಬಗ್ಗೆ ಅನುಮತಿಯಿಲ್ಲದೆ ಬರೆಯಬಾರದೆಂದು 2021ರಲ್ಲಿ ಪಿಂಚಣಿ ನಿಯಮ ಬಿಗಿಮಾಡಿದ್ದಾರೆ. ಹಾಗಾದರೆ ಇನ್ನೊಬ್ಬ ಕುಲಕರ್ಣಿ ಎಲ್ಲಿಂದ ಬರಬೇಕು?

ಇದು ಹೊಸದಾಗಿ ನೆಲ ಅಗೆಯುವ ಕೆಲಸವೂ ಅಲ್ಲ. 2011ರಲ್ಲಿ ಮನೀಶ್ ತಿವಾರಿ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಮಸೂದೆ ತಂದಿದ್ದರು, ಅದು ಕಾನೂನಾಗಲಿಲ್ಲ. ನೀವು ಯಾವ ಪಕ್ಷದವರಾದರೂ ಖಾಸಗಿ ಸದಸ್ಯರ ಮಸೂದೆ ಮಂಡಿಸುವ ಹಕ್ಕು ನಿಮಗಿದೆ, ಗೃಹ ಸಚಿವರಿಗೆ ಲಿಖಿತ ಪ್ರಶ್ನೆ ಕೇಳುವ ಹಕ್ಕೂ ಇದೆ. ಪ್ರಶ್ನೆಗೆ ಉತ್ತರ ಹುಡುಕಿದ ಅಧಿಕಾರಿಗಳನ್ನು ಕಾಡಿದ್ದಕ್ಕಾಗಿ ಒಮ್ಮೆ ತನ್ನ ಸಂಸದೆಯ ಸದಸ್ಯತ್ವವನ್ನೇ ಕಳೆದುಕೊಂಡ ಜಿಲ್ಲೆಯ ಪ್ರತಿನಿಧಿ ನೀವು. ಆ ಜಿಲ್ಲೆಯಿಂದಲೇ ಈ ಪ್ರಶ್ನೆ ಹೋದರೆ ಅದಕ್ಕೊಂದು ಘನತೆ ಇರುತ್ತದೆ.

ಮುಂದಿನ ಅಧಿವೇಶನದಲ್ಲಿ ನೀವು ಕೇಳಬೇಕಾದ ಪ್ರಶ್ನೆಯನ್ನು ಬರೆದೇ ಕೊಡುತ್ತೇನೆ: ಐಬಿ ಮತ್ತು 'ರಾ' ಸಂಸ್ಥೆಗಳ ಅಧಿಕಾರ, ಮಿತಿ ಮತ್ತು ಹೊಣೆಗಾರಿಕೆಯನ್ನು ನಿಗದಿಪಡಿಸುವ ಕಾಯ್ದೆಯನ್ನು ಸರ್ಕಾರ ಯಾವಾಗ ತರುತ್ತದೆ, ತರುವುದಿಲ್ಲವಾದರೆ ಕಾರಣವೇನು? ಉತ್ತರ ಬಂದ ಮೇಲೆ ಮೂಡಿಗೆರೆಗೆ ಬನ್ನಿ, ಜನರ ಮುಂದೆ ಓದಿ ಹೇಳಿ. ಪ್ರಶ್ನೆ ಕೇಳಲಾಗದಿದ್ದರೆ ಯಾಕೆ ಆಗಲಿಲ್ಲ ಎಂಬುದನ್ನಾದರೂ ಹೇಳಿ. ಮತ ಕೇಳಲು ಬಂದಾಗ ನಾವೂ ಈ ಪ್ರಶ್ನೆಯನ್ನು ಎಲ್ಲ ಪಕ್ಷದ ಅಭ್ಯರ್ಥಿಗಳ ಮುಂದೆ ಇಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಗೋಣಿಬೀಡಿನ ಒಬ್ಬ ಮತದಾರ